ಜಲಗಾಲನ ವ್ರತವೂ ಕಾವೇರಿಯ ಜಲಚರಗಳೂ

ಜೈನ ಗೃಹಸ್ಥನ ನಿತ್ಯವಿಧಿಗಳಲ್ಲಿ ಜಲಗಾಲನದಷ್ಟು ಪ್ರಸಿದ್ಧವಾದದ್ದು ಇನ್ನೊಂದಿಲ್ಲ. ಅದರಷ್ಟು ಅರ್ಧಕ್ಕೇ ನಿಂತುಹೋದದ್ದೂ ಇನ್ನೊಂದಿಲ್ಲ. 36 ಅಂಗುಲ ಉದ್ದ, 24 ಅಂಗುಲ ಅಗಲದ ಗಟ್ಟಿ ನೇಯ್ಗೆಯ ಬಟ್ಟೆಯನ್ನು ಇಮ್ಮಡಿಸಿ ಅದರಲ್ಲಿ ನೀರನ್ನು ಸೋಸತಕ್ಕದ್ದು. ಹಾಗೆ ಸೋಸಿದ ನೀರು ಒಂದು ಮುಹೂರ್ತ, ಎಂದರೆ 48 ನಿಮಿಷ, ಬಳಕೆಗೆ ಯೋಗ್ಯ. ಲವಂಗಾದಿಗಳಿಂದ ಪ್ರಾಸುಕಗೊಳಿಸಿದರೆ ಎರಡು ಪ್ರಹರ. ಚೆನ್ನಾಗಿ ಕುದಿಸಿದರೆ 24 ಗಂಟೆ. ಇಷ್ಟನ್ನು ಮನೆಯ ಹಿರಿಯ ಹೆಂಗಸರು ಪುಸ್ತಕ ನೋಡದೆ ಹೇಳಬಲ್ಲರು. ಆದರೆ ವಿಧಿಯ ಉತ್ತರಾರ್ಧವನ್ನು ಕೇಳಿದರೆ ಅನೇಕ ಮನೆಗಳಲ್ಲಿ ಮೌನವೇ ಉತ್ತರವಾಗುತ್ತದೆ. ಬಟ್ಟೆಯಲ್ಲಿ ಉಳಿದ ಜೀವರಾಶಿಗೆ ಜೀವಾಣಿ ಎಂದು ಹೆಸರು. ಅದನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ನೀರನ್ನು ಯಾವ ಬಾವಿಯಿಂದ, ಯಾವ ಹೊಳೆಯಿಂದ ತಂದರೋ ಅಲ್ಲಿಗೇ ಮರಳಿ ಮುಟ್ಟಿಸಬೇಕು. ಮೇಲಿನಿಂದ ಎರಚಬಾರದು, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ, ಅಲ್ಲಿ ಅದು ತಾನಾಗಿ ಮಗುಚಿಕೊಳ್ಳುವಂತೆ ಮಾಡಬೇಕು. ಇದಕ್ಕೆಂದೇ ತಳದಲ್ಲಿಯೂ ಕಡಗವಿರುವ ಕೊಡಗಳನ್ನು ಹಿಂದಿನವರು ಇಟ್ಟುಕೊಳ್ಳುತ್ತಿದ್ದರು.

ಅಲ್ಲಿಗೇ ಏಕೆ? ಸಮೀಪದ ಇನ್ನೊಂದು ಬಾವಿಗೆ ಬಿಟ್ಟರೆ ಆಗದೆ? ಆಗದು ಎಂಬುದೇ ಪೂರ್ವಾಚಾರ್ಯರ ನಿರ್ಣಯ. ಒಂದು ನೀರಿನ ಜೀವಕ್ಕೆ ಮತ್ತೊಂದು ನೀರು ಮೃತ್ಯುಸ್ಥಾನವಾಗಬಹುದು. ಸಿಹಿನೀರಿನದು ಸವುಳಿನಲ್ಲಿ, ತಣ್ಣೀರಿನದು ಬಿಸಿನೀರಿನಲ್ಲಿ, ಹರಿಯುವ ನೀರಿನದು ನಿಂತ ನೀರಿನಲ್ಲಿ ಬದುಕಲಾರದು. ಜೀವವನ್ನು ರಕ್ಷಿಸುವುದೆಂದರೆ ಅದು ನೆಲೆಸಿರುವ ಸ್ಥಾನವನ್ನೂ ರಕ್ಷಿಸುವುದು. ಸ್ಥಾನವನ್ನು ಕಳೆದುಕೊಂಡ ಜೀವವನ್ನು ಕೊಂದವರಾರೆಂದು ಹುಡುಕಿದರೆ ಯಾರ ಕೈಯಲ್ಲಿಯೂ ರಕ್ತ ಕಾಣಿಸದು. ಇಂದು ಪ್ರಾಣಿಶಾಸ್ತ್ರಜ್ಞರು ಆವಾಸದ ರಕ್ಷಣೆ ಎಂದು ಕರೆಯುವ ವಿಚಾರವು ಜೈನ ಗೃಹಿಣಿಯ ಕೊಡದ ಕಡಗದಲ್ಲಿ ಬಹುಕಾಲದಿಂದ ತೂಗುತ್ತ ಬಂದಿದೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಶ್ರಾವಕ ಮನೆಗಳಿಗೆ ಈ ವಿಚಾರ ದೂರದ್ದಲ್ಲ. ಇವರ ಸೀಮೆಗೆ ಕಾವೇರಿಯೇ ಅಂಚು. ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನಿಂದ ಬರುವ ಸುವರ್ಣಾವತಿಯು ಯಳಂದೂರನ್ನು ದಾಟಿ ಬಂದು ಕಾವೇರಿಯನ್ನು ಸೇರುತ್ತದೆ. ಕೊಳ್ಳೇಗಾಲದ ಆಚೆ ಶಿವನಸಮುದ್ರದಲ್ಲಿ ಹೊಳೆಯು ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಅಲ್ಲಿಂದ ಕೆಳಗೆ ಹನೂರಿನ ಕಾಡುಗಳ ಅಂಚಿನಲ್ಲಿ, ಬಂಡೆಗಳ ನಡುವೆ, ಮೇಕೆದಾಟು ಹೊಗೇನಕಲ್ಲುಗಳ ಮೂಲಕ ಅದು ತಮಿಳುನಾಡಿಗೆ ಇಳಿಯುತ್ತದೆ. ಇಲ್ಲಿ ಆಳವಾದ ಮಡುಗಳಿವೆ. ಮೊಸಳೆ, ಆಮೆ, ನೀರುನಾಯಿಗಳಿವೆ. ಹನೂರು ಕಡೆಯ ಕಾಡನ್ನೂ ಒಳಗೊಂಡ ಕಾವೇರಿ ವನ್ಯಜೀವಿಧಾಮವು 1987ರಲ್ಲಿ ಘೋಷಿತವಾಯಿತು. ಮೇಲೆ ಜಲಪಾತ, ಕೆಳಗೆ 1934ರಲ್ಲಿ ಪೂರ್ತಿಯಾದ ಮೆಟ್ಟೂರು ಅಣೆಕಟ್ಟು. ಇವೆರಡರ ನಡುವೆ ಸಿಕ್ಕಿಕೊಂಡಿರುವ ಜಲಚರಗಳಿಗೆ ಈ ತುಂಡು ಹೊಳೆಯೇ ಲೋಕ.

ಆಗಮದ ವಿಭಾಗದಲ್ಲಿ ಈ ಜೀವಗಳ ಸ್ಥಾನವು ಸ್ಪಷ್ಟವಾಗಿದೆ. ನೀರೇ ಶರೀರವಾಗುಳ್ಳ ಅಪ್ಕಾಯಿಕಗಳು ಏಕೇಂದ್ರಿಯ ಜೀವಗಳು. ಶಂಖ, ಕಪ್ಪೆಚಿಪ್ಪುಗಳು ಸ್ಪರ್ಶ ಮತ್ತು ರಸನಗಳೆಂಬ ಎರಡು ಇಂದ್ರಿಯಗಳುಳ್ಳವು. ಮೀನಾದರೋ ಪಂಚೇಂದ್ರಿಯ ತಿರ್ಯಂಚ. ಮನಸ್ಸುಳ್ಳ ಸಂಜ್ಞಿ ತಿರ್ಯಂಚವು ಸಮ್ಯಕ್ತ್ವವನ್ನು ಪಡೆಯಬಲ್ಲದು, ದೇಶವ್ರತವನ್ನೂ ಧರಿಸಬಲ್ಲದು. ತೀರ್ಥಂಕರರ ಸಮವಸರಣದ ಹನ್ನೆರಡನೆಯ ಕೋಷ್ಠವು ತಿರ್ಯಂಚಗಳಿಗೇ ಮೀಸಲಾದದ್ದು. ಮೀನಿಗೆ ಕೂಗುವ ದನಿಯಿಲ್ಲವೆಂಬ ಕಾರಣದಿಂದ ಅದರ ನೋವನ್ನು ಕಡಿಮೆ ಎಂದೆಣಿಸುವುದು ಶಾಸ್ತ್ರಕ್ಕೆ ಸಮ್ಮತವಲ್ಲ.

ಕಾವೇರಿಯ ಈ ಭಾಗದಲ್ಲಿ ಒಂದು ಮತ್ಸ್ಯಕುಲವು ಮುಗಿಯುವ ಅಂಚಿಗೆ ಬಂದಿದೆ. ಅದು ಗೂನುಬೆನ್ನಿನ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲದ ಮೀನು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಒಬ್ಬ ಮನುಷ್ಯನ ತೂಕ! ಇಂಥ ದೊಡ್ಡ ಜೀವಿಗೆ 2018ರವರೆಗೆ ವಿಜ್ಞಾನದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲವೆಂಬುದು ಸೋಜಿಗ. ಆ ವರ್ಷ ಅದನ್ನು ಟಾರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಕೆಂಪುಪಟ್ಟಿಯಲ್ಲಿ ಅದು ಅತ್ಯಂತ ಅಪಾಯದಲ್ಲಿರುವ ಜೀವಿಯೆಂದು ಸೇರಿತು. ನಾಮಕರಣದ ದಿನವೇ ಮರಣದ ಮುನ್ಸೂಚನೆಯೂ ಬಂದಂತಾಯಿತು.

ಇದಕ್ಕೆ ಕಾರಣಗಳು ಹಲವು. ಅಣೆಕಟ್ಟುಗಳು ಹೊಳೆಯನ್ನು ತುಂಡರಿಸಿದವು. ಮರಳು ತೆಗೆದ ಕಡೆ ಮೊಟ್ಟೆಯಿಡುವ ನೊರಜುಗಲ್ಲಿನ ಹಾಸು ಹೋಯಿತು. ಸಿಡಿಮದ್ದು ಮಡುಗಳನ್ನು ಬರಿದುಮಾಡಿತು. ಇವೆಲ್ಲ ಕೊಲ್ಲುವ ಕೈಗಳು. ಆದರೆ ಇನ್ನೊಂದು ಕಾರಣವು ದಯೆಯಿಂದ ಬಂದದ್ದು, ಮತ್ತು ಜೈನರು ವಿಶೇಷವಾಗಿ ಯೋಚಿಸತಕ್ಕದ್ದು ಅದನ್ನೇ. ಮಹಶೀರ್ ಕಡಿಮೆಯಾಗುತ್ತಿದೆಯೆಂದು ಕನಿಕರಿಸಿ, ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಿಟ್ಟವರ ಉದ್ದೇಶ ಒಳ್ಳೆಯದೇ. ಮುಂದೆ ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಮತ್ಸ್ಯಶಾಸ್ತ್ರಜ್ಞರು ಪರಿಶೀಲಿಸಿದಾಗ, ಪರನದಿಯಿಂದ ಬಂದ ಮೀನು ಹೆಚ್ಚುತ್ತಲೇ ಹೋಗಿ, ಕಾವೇರಿಯ ಸ್ವಂತ ಮೀನು ಇಳಿಯುತ್ತಲೇ ಬಂದದ್ದು ಕಂಡಿತು. ಸಿಗುತ್ತಿದ್ದ ಗೂನುಬೆನ್ನಿನ ಮೀನುಗಳು ವರ್ಷ ವರ್ಷಕ್ಕೆ ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಎಂದರೆ ಮುದಿಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ಒಂದು ನೀರಿನ ಜೀವವನ್ನು ಮತ್ತೊಂದು ನೀರಿಗೆ ಬಿಡಬಾರದೆಂಬ ಜೀವಾಣಿಯ ನಿಯಮಕ್ಕೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕಿಲ್ಲ.

ಪರ್ಯೂಷಣ ಕಾಲದಲ್ಲಿಯೋ ಮಹಾವೀರ ಜಯಂತಿಯಂದೋ ಸಂತೆಯಿಂದ ಜೀವಂತ ಮೀನುಗಳನ್ನು ಕೊಂಡು ಕೆರೆಗೆ ಬಿಟ್ಟು ಅಭಯದಾನ ಮಾಡಿದೆವೆಂದು ಸಂತೋಷಪಡುವವರು ಇದನ್ನು ಗಮನಿಸಬೇಕು. ಸಂತೆಯ ಬಾನಿಯಲ್ಲಿ ಜೀವಂತವಾಗಿ ಸಿಗುವುದು ಹೆಚ್ಚಾಗಿ ಆಫ್ರಿಕದ ಕ್ಯಾಟ್‌ಫಿಶ್, ಇಲ್ಲವೇ ತಿಲಾಪಿಯ. ಮೊದಲನೆಯದರ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ, ಏಕೆಂದರೆ ಅದು ಕೆರೆ ಹೊಳೆಗಳಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಒಂದು ಮೀನಿಗೆ ಕೊಟ್ಟ ಅಭಯವು ಕೆರೆಯ ಸಾವಿರ ಜೀವಗಳಿಗೆ ಭಯವಾಗಿ ಪರಿಣಮಿಸಿದರೆ ಆ ದಾನಕ್ಕೆ ಏನೆಂದು ಹೆಸರಿಡುವುದು? ಮಾರುವವನು ಮರುವಾರ ಇನ್ನೂ ಹತ್ತು ಹೆಚ್ಚಿಗೆ ತರುತ್ತಾನೆಂಬುದು ಬೇರೆ ಮಾತು. ದಯೆಯು ವಿವೇಕದ ಕಣ್ಣಿಲ್ಲದೆ ನಡೆಯಬಾರದು.

ಮೀನನ್ನು ಬಿಡುವುದರ ನಿಜವಾದ ಮಾದರಿ ಸೋಮದೇವಸೂರಿಗಳ ಯಶಸ್ತಿಲಕ ಚಂಪುವಿನಲ್ಲಿ ಬರುವ ಮೃಗಸೇನ ಧೀವರನ ಕಥೆಯಲ್ಲಿದೆ. ಬಲೆಯನ್ನು ಹೆಗಲಿಗೇರಿಸಿ ಹೊರಟ ಆ ಬೆಸ್ತನಿಗೆ ಯಶೋಧರ ಮುನಿಗಳು ಕೊಟ್ಟದ್ದು ಅತ್ಯಲ್ಪವಾದ ವ್ರತ: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲಬಾರದು. ಅವನು ಒಪ್ಪಿದ. ಮೊದಲು ಸಿಕ್ಕ ಮೀನಿಗೆ ಗುರುತು ಕಟ್ಟಿ ಬಿಟ್ಟ. ಎರಡನೆಯ ಸಲ ಬಲೆಯೆಳೆದರೆ ಅದೇ ಮೀನು. ಹೀಗೆ ಐದು ಸಲ. ಐದು ಸಲವೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಹೋದರೆ ಹೆಂಡತಿ ಕದ ತೆರೆಯಲಿಲ್ಲ. ಹೊರಗೆ ಮಲಗಿದವನನ್ನು ಹಾವು ಕಚ್ಚಿತು. ಅವನೇ ಮುಂದೆ ಧನಕೀರ್ತಿಯಾಗಿ ಹುಟ್ಟಿ ಐದು ಸಲ ಮೃತ್ಯುವಿನಿಂದ ಪಾರಾದನು.

ಈ ಕಥೆಯನ್ನು ಫಲಶ್ರುತಿಗಾಗಿ ಓದುವವರೇ ಹೆಚ್ಚು. ಓದಬೇಕಾದದ್ದು ಆ ಸಂಜೆಯ ನಡಿಗೆಯನ್ನು. ಮೃಗಸೇನನ ವ್ರತ ಎಷ್ಟು ಚಿಕ್ಕದಾದರೂ ಅದಕ್ಕೆ ಅವನು ತೆತ್ತದ್ದು ಅಂದಿನ ಅನ್ನವನ್ನು. ಅನ್ನಕ್ಕೆ ಏನೂ ಕೊರತೆಯಾಗದ ದಯೆಗೂ ಹಸಿದು ಪಾಲಿಸಿದ ದಯೆಗೂ ಅಂತರವಿದೆ. ಮೀನನ್ನು ತಿನ್ನದ ಕುಲದಲ್ಲಿ ಹುಟ್ಟಿದವನಿಗೆ ಮೀನು ತಿನ್ನದಿರುವುದು ವ್ರತವೇ ಅಲ್ಲ. ಅದು ಬರಿಯ ರೂಢಿ. ಆದುದರಿಂದ ಬೆಸ್ತರನ್ನು ಕಂಡು ಮೂಗು ಮುರಿಯುವ ಅಧಿಕಾರವು ಅಂಥವನಿಗೆ ಬರುವುದಿಲ್ಲ. ಕೊರಳಲ್ಲಿ ಮುತ್ತಿನ ಸರ ಧರಿಸಿಕೊಂಡು, ದ್ವೀಂದ್ರಿಯ ಜೀವದ ಒಡಲನ್ನು ಸೀಳಿ ತೆಗೆದದ್ದೆಂಬ ನೆನಪಿಲ್ಲದೆ, ತೆಪ್ಪದವನ ಹಿಂಸೆಯನ್ನು ಎಣಿಸುವವರಿದ್ದಾರೆ. ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಗೂಡಿನೊಳಗಿನ ಹುಳುವಿನ ಮಾತನ್ನೂ ಇಲ್ಲಿ ಎತ್ತಬಹುದಿತ್ತು. ಅದು ಬೇರೆಯೇ ಪ್ರವಚನಕ್ಕೆ ತಕ್ಕ ವಿಷಯ.

ಮೃಗಸೇನನಂತೆ ಹಿಡಿದು ಬಿಡುವ ಇನ್ನೊಂದು ವರ್ಗವೂ ಇದೇ ಹೊಳೆಯಲ್ಲಿತ್ತು. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿಗೆ ದೇಶವಿದೇಶಗಳಿಂದ ಬಂದವರು ಮಹಶೀರನ್ನು ಗಾಳದಿಂದ ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು ಮರಳಿ ನೀರಿಗೆ ಬಿಡುತ್ತಿದ್ದರು. ವನ್ಯಜೀವಿಧಾಮದೊಳಗೆ ಇದು ಬೇಟೆಗೆ ಸಮಾನವೆಂದು ಎಣಿಸಲ್ಪಟ್ಟು 2012ರ ಹೊತ್ತಿಗೆ ನಿಂತುಹೋಯಿತು. ಶಾಸ್ತ್ರದೃಷ್ಟಿಯಲ್ಲಿ ಇಲ್ಲಿ ಸಂದೇಹವಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಐದು ಅತಿಚಾರಗಳು. ವಿನೋದಕ್ಕಾಗಿ ತುಟಿಯನ್ನು ಕೊಕ್ಕೆಯಿಂದ ಚುಚ್ಚುವುದು ಛೇದವಲ್ಲದೆ ಮತ್ತೇನು? ಮೃಗಸೇನನು ಬಿಟ್ಟದ್ದು ವ್ರತಕ್ಕಾಗಿ, ಇವರು ಹಿಡಿದದ್ದೇ ಆಟಕ್ಕಾಗಿ.

ಆದರೂ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸತ್ಯಾಣುವ್ರತಕ್ಕೆ ಒಪ್ಪದು. ಆ ಶಿಬಿರಗಳು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರನ್ನೇ ಕಾವಲಿಗೆ, ದಾರಿತೋರಿಸುವ ಕೆಲಸಕ್ಕೆ ನೇಮಿಸಿಕೊಂಡಿದ್ದವು. ಮೀನು ಬದುಕಿದ್ದರೆ ಅವರಿಗೆ ಸಂಬಳ. ಆದುದರಿಂದ ಹೊಳೆಯ ಆ ಭಾಗದಲ್ಲಿ ಸಿಡಿಮದ್ದಿನ ಹಾವಳಿ ತಗ್ಗಿತ್ತು. ಗಾಳ ಹೋದಾಗ ಕಾವಲೂ ಹೋಯಿತೆಂದು ಮತ್ಸ್ಯಶಾಸ್ತ್ರಜ್ಞರು ಕಳವಳದಿಂದ ಬರೆದಿದ್ದಾರೆ. ಕೊಕ್ಕೆಯ ಗಾಯವನ್ನು ತಪ್ಪಿಸಿದ್ದು ಸರಿ. ಆದರೆ ಬಿಟ್ಟ ಜಾಗದಲ್ಲಿ ಯಾರನ್ನೂ ನಿಲ್ಲಿಸದೆ ಹೋದರೆ ಮೀನಿಗೆ ದೊರೆತ ಲಾಭವೇನು? ಸಣ್ಣ ಹಿಂಸೆಯನ್ನು ನಿಷೇಧಿಸುವುದು ಸುಲಭ, ದೊಡ್ಡದನ್ನು ತಡೆಯಲು ರಾತ್ರಿಯೆಲ್ಲ ಹೊಳೆಯ ದಡದಲ್ಲಿ ಎಚ್ಚರವಿರಬೇಕು. ಕರ್ಣಾಟಕದ ಅನೇಕ ತೀರ್ಥಗಳಲ್ಲಿ, ಶೃಂಗೇರಿಯಲ್ಲಿ, ಕಾವೇರಿಯದೇ ದಡದ ರಾಮನಾಥಪುರದಲ್ಲಿ, ಮೀನುಗಳು ಉಳಿದಿರುವುದು ಜನರ ಕಣ್ಗಾವಲಿನಿಂದ. ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದುಷ್ಟರು ವಿಷವಿಕ್ಕಿ ಸಾವಿರಾರು ದೇವರ ಮೀನುಗಳನ್ನು ಕೊಂದರು. ಊರಿನವರು ಅವಕ್ಕೆ ಸ್ಮಾರಕವನ್ನು ಕಟ್ಟಿ, ಕಾವಲನ್ನು ಮುಂದುವರಿಸಿದರು.

ಸಿಡಿಮದ್ದಿನ ಕೆಲಸವನ್ನು ಬಲ್ಲವರು ಕಡಿಮೆ. ಮೀನಿನ ಒಡಲಲ್ಲಿ ತೇಲಲು ನೆರವಾಗುವ ಗಾಳಿಚೀಲವಿರುತ್ತದೆ. ಮಡುವಿನಲ್ಲಿ ಮದ್ದು ಸಿಡಿದೊಡನೆ ನೀರಿನ ಒತ್ತಡದ ಅಲೆ ಬಡಿದು ಆ ಚೀಲವೂ ಕರುಳೂ ಒಡೆಯುತ್ತವೆ. ಕೊಲ್ಲುವವನು ತೇಲಿಬಂದ ಕೆಲವನ್ನು ಆಯ್ದುಕೊಳ್ಳುತ್ತಾನೆ. ಬಹುಪಾಲು ತಳಕ್ಕೆ ಮುಳುಗುತ್ತವೆ. ಮೊಟ್ಟೆ, ಮರಿ, ಮರಿಯ ಆಹಾರವಾದ ಸೂಕ್ಷ್ಮಜೀವಿಗಳು, ಎಲ್ಲಕ್ಕೂ ಒಂದೇ ಕ್ಷಣ. ಬ್ಲೀಚಿಂಗ್ ಪುಡಿ ಸುರಿಯುವವರೂ ಇದ್ದಾರೆ. ಅದು ನಿಶ್ಶಬ್ದ ಸಿಡಿಮದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಎಣಿಸುವಾಗ ಹಿಂಸಾದಾನವನ್ನು ಹೇಳಿದ್ದಾರೆ: ಕೊಲ್ಲುವ ಉಪಕರಣವನ್ನು ಮತ್ತೊಬ್ಬನ ಕೈಗೆ ಒದಗಿಸುವುದು. ಕಲ್ಲುಗಣಿಗೆಂದು ಬಂದ ಮದ್ದಿನಲ್ಲಿ ಮಿಕ್ಕದ್ದು ಎಲ್ಲಿ ಹೋಯಿತೆಂದು ಕೇಳದ ಗಣಿಯ ಒಡೆಯ, ಅಕಾಲದಲ್ಲಿ ಮೂಟೆ ಬ್ಲೀಚಿಂಗ್ ಪುಡಿ ಕೇಳಿದವನಿಗೆ ಏಕೆಂದು ವಿಚಾರಿಸದೆ ತೂಗಿಕೊಡುವ ಅಂಗಡಿಕಾರ, ಇವರು ಈ ಮಾತಿನ ಎಲ್ಲೆಯ ಹೊರಗೆ ನಿಲ್ಲಲಾರರು. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಖರಕರ್ಮಗಳಲ್ಲಿ ವಿಷವಾಣಿಜ್ಯವಿದೆ, ಸರಃಶೋಷವೂ ಇದೆ. ಸರಃಶೋಷವೆಂದರೆ ಕೆರೆಕೊಳಗಳ ನೀರನ್ನು ಬಸಿದು ಒಣಗಿಸುವುದು. ಯಳಂದೂರು ಬಯಲಿನಲ್ಲಿ ಕೆರೆಯ ಕೊನೆಯ ಮೊಳ ನೀರಿಗೂ ಯಂತ್ರ ಹೂಡುವ ಜಮೀನುದಾರನು ಈ ಶಬ್ದದ ಅರ್ಥವನ್ನು ಒಮ್ಮೆ ಕೇಳಿ ತಿಳಿಯಬೇಕು.

ಇವನು ಕೊಲ್ಲುವವನಲ್ಲ, ತಿನ್ನುವವನಲ್ಲ ಎಂಬ ಸಮಾಧಾನವು ಸಾಲದೆಂಬುದಕ್ಕೆ ತಂಡುಲಮತ್ಸ್ಯದ ದೃಷ್ಟಾಂತವಿದೆ. ಸ್ವಯಂಭೂರಮಣ ಸಮುದ್ರದಲ್ಲಿ ಸಾವಿರ ಯೋಜನ ಉದ್ದದ ಮಹಾಮತ್ಸ್ಯವು ಬಾಯಿ ತೆರೆದು ಮಲಗಿರುತ್ತದೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಮೀನು. ದೊಡ್ಡ ಬಾಯೊಳಗೆ ಹೊಕ್ಕು ಹೊರಡುವ ಮೀನುಗಳನ್ನು ನೋಡುತ್ತ, ತನಗೆ ಈ ದೇಹವಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಹಂಬಲಿಸುತ್ತದೆ. ಒಂದು ಮೀನನ್ನೂ ತಿನ್ನದೆ ಅದು ಏಳನೆಯ ನರಕಕ್ಕೆ ಇಳಿಯಿತು. ಹೊಳೆಯ ಮರಳಿನ ಪಾಲನ್ನೂ ಮಡುವಿನ ಗುತ್ತಿಗೆಯ ಲಾಭವನ್ನೂ ಮನೆಯಲ್ಲಿ ಕುಳಿತು ಎಣಿಸುವವನು ಎಲ್ಲಿ ಕುಳಿತಿದ್ದಾನೆಂಬುದು ಇದರಿಂದ ಊಹ್ಯ.

ಕಾವೇರಿಯ ಮಾತು ಕಾವೇರಿಯಲ್ಲಿಯೇ ಮುಗಿಯುವುದಿಲ್ಲ. ಅದು ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣದ ನದಿಗಳಲ್ಲಿ ಹಾವುಮೀನು ಎಂಬ ಜಾತಿಯಿದೆ. ಅದು ಹುಟ್ಟುವುದು ಕಡಲಿನಲ್ಲಿ, ಎಲೆಯಂತೆ ತೆಳುವಾದ, ಗಾಜಿನಂತೆ ಪಾರದರ್ಶಕವಾದ ಮರಿಯಾಗಿ. ಅಳಿವೆಯಿಂದ ನದಿಯನ್ನು ಹೊಕ್ಕು, ಪ್ರವಾಹಕ್ಕೆ ಎದುರಾಗಿ ಏರಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಕೊನೆಗೆ ಮೊಟ್ಟೆಯಿಡಲು ಮತ್ತೆ ಕಡಲಿಗೆ ಹೋಗಿ ಅಲ್ಲಿಯೇ ಸಾಯುತ್ತದೆ. ಅಣೆಕಟ್ಟಿನ ಗೋಡೆಯು ಅದಕ್ಕೆ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಮುಚ್ಚುತ್ತದೆ. ಇದೇ ಕಾವೇರಿಯ ಅಳಿವೆಯ ಪುಹಾರಿನಿಂದ ಕೋವಲ ಕಣ್ಣಗಿಯರೊಡನೆ ಮಧುರೆಗೆ ಹೊರಟ ಜೈನ ತಪಸ್ವಿನಿ ಕವುಂದಿಯು, ನೀರಿನ ದಡದಲ್ಲಿ ನಡೆಯುವಾಗ ಏಡಿ ಬಸವನಹುಳುಗಳು ಕಾಲಡಿಗೆ ಸಿಕ್ಕಾವೆಂದು ಎಚ್ಚರಿಸುವ ಪ್ರಸಂಗವು ತಮಿಳಿನ ಶಿಲಪ್ಪದಿಕಾರದಲ್ಲಿದೆ. ಹೊಳೆಯ ಆ ತುದಿಯಲ್ಲಿ ಅಷ್ಟು ಹಿಂದೆಯೇ ಆಡಿದ ಮಾತು ಈ ತುದಿಯ ಜೈನರಿಗೂ ಸಲ್ಲತಕ್ಕದ್ದು.

ಕಡಲಿನ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಹವಳವನ್ನು ಮೂಲಾಚಾರಾದಿ ಗ್ರಂಥಗಳು ಪೃಥ್ವೀಕಾಯದ ಮೂವತ್ತಾರು ಭೇದಗಳಲ್ಲಿ ಎಣಿಸುತ್ತವೆ. ಇಂದಿನ ಪ್ರಾಣಿಶಾಸ್ತ್ರವು ಹವಳದ ದಿಬ್ಬವನ್ನು ಅಸಂಖ್ಯ ಸಣ್ಣ ಪ್ರಾಣಿಗಳು ಕಟ್ಟಿದ ಮನೆಯೆಂದು ಹೇಳುತ್ತದೆ. ಎರಡು ದೃಷ್ಟಿಗಳಲ್ಲಿಯೂ ಅದು ಜೀವವೇ, ಬರಿಯ ಕಲ್ಲಲ್ಲ. ಹವಳದ ಸರವನ್ನು ಕೊಳ್ಳುವವರಿಗೆ ಇಷ್ಟು ಸಾಕು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಇಂಥ ಹವಳಗಳೂ ಅವುಗಳ ಸಂದುಗಳಲ್ಲಿ ಬದುಕುವ ಬಗೆಬಗೆಯ ಮೀನುಗಳೂ ಇವೆ. 2001ರಲ್ಲಿ ಭಾರತ ಸರ್ಕಾರವು ಹವಳಗಳನ್ನೂ ತಿಮಿಂಗಿಲ ಶಾರ್ಕನ್ನೂ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಡಿಸಿತು. 2017ರಲ್ಲಿ ರಾತ್ರಿ ಪ್ರಖರ ಎಲ್‌ಇಡಿ ದೀಪ ತೋರಿಸಿ ಮೀನನ್ನು ಸೆಳೆದು ಹಿಡಿಯುವುದನ್ನು ನಿಷೇಧಿಸಿತು. ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾವೇರಿ ಸೇರುವ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಮೀನುಗಳು ಮೊಟ್ಟೆಯಿಟ್ಟು ಮರಿಮಾಡುವುದಕ್ಕೆಂದು ಬಿಟ್ಟ ಕಾಲವಿದು.

ಮುನಿಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುವುದೂ ಜೀವೋತ್ಪತ್ತಿಯ ಕಾಲದಲ್ಲಿ ತುಳಿಯಬಾರದೆಂದೇ. ಶ್ರಾವಕನ ದಿಗ್ವ್ರತದಲ್ಲಿಯೂ ಇದೇ ನ್ಯಾಯ. ನದಿ, ಸಮುದ್ರ, ಅಡವಿ, ಪರ್ವತಗಳನ್ನು ಎಲ್ಲೆಯಾಗಿಟ್ಟು ಅದರಾಚೆ ಹೋಗೆನೆಂದು ಅವನು ಪ್ರತಿಜ್ಞೆಮಾಡಿದರೆ, ಎಲ್ಲೆಯಾಚೆಯ ಸೂಕ್ಷ್ಮಪಾಪವೂ ಅವನನ್ನು ಮುಟ್ಟದು. ಅಷ್ಟರಮಟ್ಟಿಗೆ ಅವನ ಅಣುವ್ರತವು ಮಹಾವ್ರತದಂತೆ ಆಗುತ್ತದೆ ಎಂದು ಆಚಾರ್ಯರು ಹೇಳಿದ್ದಾರೆ. ಯಾರೂ ಬಲೆಯೊಯ್ಯದ ಒಂದು ಮಡು, ಯಾರೂ ದೋಣಿ ಬಿಡದ ಒಂದು ತುಂಡು ಕಡಲು, ಸರ್ಕಾರದ ಕಾಗದದಲ್ಲಿ ರಕ್ಷಿತ ಪ್ರದೇಶವೆನಿಸುವುದು, ಜೈನನ ಲೆಕ್ಕದಲ್ಲಿ ಊರೆಲ್ಲ ಸೇರಿ ಧರಿಸಿದ ದಿಗ್ವ್ರತ.

ಇನ್ನು ಮನೆಯ ಮಾತು. ಈಗ ನೀರು ಬರುವುದು ನಲ್ಲಿಯಿಂದ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ, ಸಂಜೆ ಅದನ್ನು ಬಚ್ಚಲಮೋರಿಯಲ್ಲಿ ಹಿಂಡುವುದು ರೂಢಿಯಾಗಿದೆ. ಹಾಗೆ ಮಾಡಿದವರು ಸೋಸಿದ್ದು ತಮ್ಮ ಬಾಯಿಗಾಗಿಯೇ ಹೊರತು ಜೀವಕ್ಕಾಗಿ ಅಲ್ಲ. ಬಾವಿಯಿರುವ ಮನೆಯಲ್ಲಿ ಜೀವಾಣಿಯು ಬಾವಿಗೇ ಹೋಗಬೇಕು. ನಲ್ಲಿಯ ಮನೆಯಲ್ಲಿ, ಹೊಳೆಯು ದೂರವಿರುವಾಗ, ಅಕ್ಷರಶಃ ವಿಧಿ ನಡೆಯದು; ಆದರೆ ಮನೆಯಿಂದ ಹೊರಟ ಮೋರಿಯ ನೀರು ಹಳ್ಳ ಹಿಡಿದು ಹೊಳೆಯ ಕಡೆಗೇ ಹೋಗುವುದಾದ್ದರಿಂದ, ಆ ನೀರಿನಲ್ಲಿ ಏನು ಹೋಗುತ್ತದೆಂಬುದೇ ಜೀವಾಣಿಯ ಪ್ರಶ್ನೆಯಾಗುತ್ತದೆ. ಫಿನೈಲು, ಆಮ್ಲ, ಮಿತಿಯಿಲ್ಲದ ಸಾಬೂನಿನ ಪುಡಿ, ಇವುಗಳಿಗೆ ಭೋಗೋಪಭೋಗ ಪರಿಮಾಣದಲ್ಲಿ ಲೆಕ್ಕವಿಡಬಹುದು. ಮನೆ ಕಟ್ಟಿಸುವವರು ಹೊಳೆಯ ಮರಳನ್ನು ತ್ಯಜಿಸಬಹುದು. ಆರಂಭೀ ಹಿಂಸೆಯು ಗೃಹಸ್ಥನಿಗೆ ತಪ್ಪದೆಂಬುದು ನಿಜ, ಕಲ್ಲಿನ ಪುಡಿಯ ಮರಳಿಗೂ ಗುಡ್ಡ ಕರಗಬೇಕು. ಆದರೂ ಮೊಟ್ಟೆಯಿಟ್ಟ ಹಾಸನ್ನು ಬಗೆಯುವುದಕ್ಕಿಂತ ಅದರಲ್ಲಿ ತ್ರಸಹಿಂಸೆ ಕಡಿಮೆ. ಗದ್ದೆಗೆ ಕೀಟನಾಶಕ ಹೊಡೆದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯದಿರುವುದು, ಪರನದಿಯ ಮೀನನ್ನು ಯಾವ ನೆಪದಿಂದಲೂ ಕೆರೆಗೆ ಬಿಡದಿರುವುದು, ಮುತ್ತು ಹವಳಗಳನ್ನು ಹೊಸದಾಗಿ ಕೊಳ್ಳದಿರುವುದು, ಮಡುವಿನಲ್ಲಿ ಮದ್ದು ಸಿಡಿದ ಸದ್ದು ಕೇಳಿದರೆ ಕದವಿಕ್ಕಿಕೊಳ್ಳದೆ ಅರಣ್ಯದವರಿಗೆ ತಿಳಿಸುವುದು, ಇವೂ ಗೃಹಸ್ಥನಿಗೆ ಶಕ್ಯವಾದವೇ.

ಇವುಗಳಲ್ಲಿ ಶಕ್ತಿಗೆ ತಕ್ಕ ಒಂದನ್ನೋ ಎರಡನ್ನೋ ಆಷಾಢ ಶುಕ್ಲ ಚತುರ್ದಶಿಯಂದು, ಮುನಿಗಳ ಸಾನ್ನಿಧ್ಯವಿದ್ದಲ್ಲಿ ಅವರೆದುರು, ಇಲ್ಲದಿದ್ದಲ್ಲಿ ಬಸದಿಯಲ್ಲಿ ಜಿನಬಿಂಬದ ಮುಂದೆ, ಕಾಲದ ಮಿತಿಯನ್ನು ಬಾಯಿಬಿಟ್ಟು ಹೇಳಿ ಸ್ವೀಕರಿಸಬಹುದು. ಅಂದು ಉಪವಾಸವೋ ಏಕಭುಕ್ತವೋ ಇರತಕ್ಕದ್ದು. ಅಷ್ಟಮಿ ಚತುರ್ದಶಿಗಳಂದು ನಿಯಮವನ್ನು ಮನೆಮಂದಿಯ ಮುಂದೆ ನೆನೆದು, ತಪ್ಪು ನಡೆದಿದ್ದರೆ ಪ್ರತಿಕ್ರಮಣದಲ್ಲಿ ಹೇಳಿಕೊಂಡು, ಮಹಾವೀರ ನಿರ್ವಾಣದ ಅಮಾವಾಸ್ಯೆಯಂದು ಪೂರ್ಣಗೊಳಿಸಬೇಕು. ಅಷ್ಟರಲ್ಲಿ ಮುಂಗಾರಿನ ನೆರೆ ಇಳಿದು, ಕಾವೇರಿಯ ಮಡುಗಳು ತಿಳಿಯಾಗತೊಡಗಿರುತ್ತವೆ.